ಹಾಲಿನ ಡಿಗ್ರಿ, ನಾಯಿಯ ಉಚ್ಚೆ

ಹತ್ತೊಂಬತ್ತು ವರ್ಷ ನಾನು ನಮ್ಮೂರ ಹಾಲಿನ ಡೈರಿಯಲ್ಲಿ ಟೆಸ್ಟರ್ ಆಗಿದ್ದೆ. ದಿಬ್ಬೂರಹಳ್ಳಿಯ ಆಚೆಗಿರುವ ಸಣ್ಣ ಊರು ನಮ್ಮದು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲು ನಿಂತವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುವುದು ನನ್ನ ಕೆಲಸ. ಗಾಜಿನ ಆ ಕಡ್ಡಿ ಇಪ್ಪತ್ತೆಂಟು ತೋರಿಸಿದರೆ ಹಾಲು ಹಾಲೇ. ಇಪ್ಪತ್ತೆರಡಕ್ಕೆ ಬಂದರೆ ನೀರು ಬಿದ್ದಿದೆ ಎಂದೇ ಅರ್ಥ. ಅಂಥ ದಿನ ನಾನು ಸುಮ್ಮನಿರುವವಳಲ್ಲ. ಸ್ವಂತ ಓರಗಿತ್ತಿಯ ಹಾಲನ್ನೂ ಎಲ್ಲರೆದುರು ವಾಪಸ್ಸು ಕಳಿಸಿದ್ದೇನೆ. ನನ್ನ ನಾಲಿಗೆಗಿಂತ ಕಡ್ಡಿಯೇ ವಾಸಿ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ.

ನಮ್ಮ ನಾಯಿಗೆ ಕಿಡ್ನಿ ಕಾಯಿಲೆ ಬಂದಾಗ ನಾನು ಮಾಡಿದ ತಪ್ಪು ಹುಟ್ಟಿದ್ದು ಈ ಕಡ್ಡಿಯಿಂದಲೇ. ಅದಕ್ಕೇ ಇದನ್ನು ಮೊದಲು ಹೇಳಿದೆ.

ನಾಯಿಗೆ ಆಗ ಒಂಬತ್ತು ವರ್ಷ. ಹೆಣ್ಣು ನಾಯಿ, ಕಂದು ಬಣ್ಣ, ನಮ್ಮ ಬೀದಿಯದೇ ತಳಿ. ಆ ಬೇಸಿಗೆಯಲ್ಲಿ ಅದು ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು, ಕುಡಿದಷ್ಟೂ ಉಚ್ಚೆ ಹೊಯ್ಯತೊಡಗಿತು. ಮುದ್ದೆ ಮೂಸಿ ಬಿಟ್ಟುಬಿಡುತ್ತಿತ್ತು. ಪಕ್ಕೆಲುಬು ಎಣಿಸುವ ಹಾಗಾದಾಗ ಚಿಕ್ಕಬಳ್ಳಾಪುರದಲ್ಲಿ ನಾಯಿಗಳನ್ನು ನೋಡುವ ಡಾಕ್ಟರೊಬ್ಬರ ಬಳಿ ಕರೆದೊಯ್ದೆವು. ಅವರು ರಕ್ತ ತೆಗೆದು, ನಾಳೆ ಬೆಳಗಿನ ಮೊದಲ ಉಚ್ಚೆ ಹಿಡಿದು ತನ್ನಿ ಎಂದರು.

ಹೇಳುವುದು ಸುಲಭ. ನಾನು ಹಳೆಯ ಸೌಟೊಂದನ್ನು ಕೋಲಿಗೆ ಕಟ್ಟಿಕೊಂಡು ನಸುಕಿನಲ್ಲೇ ಅದರ ಹಿಂದೆ ಹೊರಟೆ. ಅದು ಕೂರುವುದು, ನಾನು ಸೌಟು ಚಾಚುವುದು, ಅದು ನಾಚಿಕೆಪಟ್ಟು ಎದ್ದು ಮುಂದೆ ಹೋಗುವುದು. ಹಿಪ್ಪುನೇರಳೆ ತೋಟವನ್ನು ಹೀಗೇ ಎರಡು ಸುತ್ತು ಹಾಕಿದೆವು. "ಮದುವೆ ಮನೇಲಿ ಪಾಯಸ ಬಡಿಸೋಳ ಥರ ಹೋಗ್ತಿದ್ದೀಯಲ್ಲೇ" ಎಂದು ನಮ್ಮ ಮನೆಯವರು ನಕ್ಕರು. ಕೊನೆಗೆ ಸಿಕ್ಕಷ್ಟನ್ನು ಡೈರಿಯ ಸ್ಯಾಂಪಲ್ ಬಾಟ್ಲಿಗೆ ಹಾಕಿ, ಮುಚ್ಚಳ ಬಿಗಿದು, ಮೊದಲ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಬಾಟ್ಲಿ ನೋಡಿ "ಎಣ್ಣೇನಾ ಅಕ್ಕಾ?" ಎಂದಳು. ಹೌದು ಎಂದೆ.

ಡಾಕ್ಟರು ಒಂದು ತೊಟ್ಟನ್ನು ಪುಟ್ಟ ಕೊಳವೆಯಂಥ ಸಾಧನದ ಗಾಜಿನ ಮೇಲೆ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಕಣ್ಣಲ್ಲಿ ನೋಡಿದರು.

"ಹತ್ತು ಇದೆ ಅಮ್ಮ. ಮೂವತ್ತರ ಮೇಲಿರ್ಬೇಕಿತ್ತು. ತುಂಬಾ ತೆಳು."

"ನಾನು ಒಂದು ತೊಟ್ಟು ನೀರೂ ಬೆರೆಸಿಲ್ಲ ಡಾಕ್ಟ್ರೇ" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವರು ನಗಲಿಲ್ಲ. ಕಾಗದದ ಕಡ್ಡಿಯೊಂದನ್ನು ಅದ್ದಿ, ಅದು ಹಸಿರಾಗಿದ್ದನ್ನು ತೋರಿಸಿ, ಮೈಗೆ ಬೇಕಾದ ಸತ್ವವೂ ಉಚ್ಚೆಯಲ್ಲಿ ಹೋಗುತ್ತಿದೆ ಎಂದರು. ಈ ಕಾಯಿಲೆ ವಾಸಿಯಾಗುವುದಲ್ಲ, ಜೋಪಾನ ಮಾಡಿದರೆ ಒಂದಷ್ಟು ಕಾಲ ಚೆನ್ನಾಗಿರುತ್ತದೆ. "ಮಾತ್ರೆ ತಪ್ಪಿಸ್ಬೇಡಿ, ಉಪ್ಪು ಬೇಡ, ತಿಂಗಳಿಗೊಂದ್ಸಲ ಉಚ್ಚೆ ತನ್ನಿ. ನೀರು ಮಾತ್ರ ಯಾವಾಗ್ಲೂ ಅದರ ಮುಂದಿರ್ಲಿ." ಇದನ್ನು ನಾನು ಎರಡೂ ಕಿವಿಯಿಂದ ಕೇಳಿಸಿಕೊಂಡಿದ್ದೇನೆ. ಕೇಳಿಸಲಿಲ್ಲ ಎಂದು ಈಗ ಸುಳ್ಳು ಹೇಳುವುದಿಲ್ಲ.

ಮುಂದಿನ ತಿಂಗಳೂ ಹತ್ತು. ಅದರ ಮುಂದಿನ ತಿಂಗಳೂ ಹತ್ತು. ಹಸಿರು ಕಡಿಮೆಯಾಗಿದೆ, ಮಾತ್ರೆ ಹಿಡಿಯುತ್ತಿದೆ ಎಂದು ಡಾಕ್ಟರು ಖುಷಿಪಟ್ಟರು. ನನಗೆ ಖುಷಿಯಾಗಲಿಲ್ಲ. ಹಸಿರು ಹಳದಿ ನನಗೆ ಗೊತ್ತಿಲ್ಲ, ಡಿಗ್ರಿ ಗೊತ್ತು. ಒಲೆಯ ಮುಂದೆ ಕೂತರೂ ಹತ್ತು, ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರೂ ಹತ್ತು. ಒಂದು ಕಡೆ ಕೂರಲಾಗುತ್ತಿರಲಿಲ್ಲ. ನಾಯಿ ಎದ್ದರೆ ಎದ್ದು, ಅದು ಹೊಯ್ದ ಜಾಗವನ್ನು ಬಗ್ಗಿ ನೋಡುತ್ತಿದ್ದೆ. ಮಣ್ಣಿನಲ್ಲಿ ಇಂಗಿದ್ದು ಏನು ಕಾಣುತ್ತದೆ? ಆದರೂ ನೋಡುತ್ತಿದ್ದೆ.

ಹಸುವಿಗೆ ಕಲ್ಲುಪ್ಪು ತಿನ್ನಿಸಿ, ಕೊಡಗಟ್ಟಲೆ ನೀರು ಕುಡಿಸಿ, ಹಾಲು ಹೆಚ್ಚಿಸಿಕೊಂಡು ಬರುವವರನ್ನು ಡೈರಿಯಲ್ಲಿ ಎಷ್ಟು ಸಲ ಬೈದಿಲ್ಲ! ಅದೇ ಲೆಕ್ಕ ಇಲ್ಲಿಗೂ ಹಾಕಿದೆ. ಇದು ನೀರು ಕುಡಿಯುವುದು ಅತಿಯಾಯಿತು, ಅದಕ್ಕೇ ತೆಳು. ಒಂದು ದಿನ ನೀರು ತಪ್ಪಿಸಿದರೆ ತಾನೇ ಗಟ್ಟಿಯಾಗುತ್ತದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಅವರಿಗೇನು ಗೊತ್ತು?

ನಾಲ್ಕನೆಯ ಸಲ ಉಚ್ಚೆ ಕೊಡುವ ಹಿಂದಿನ ಮಧ್ಯಾಹ್ನ ನೀರಿನ ಬಟ್ಟಲನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದೆ. ಸಂಜೆ ನಾಯಿ ಹಸುವಿನ ತೊಟ್ಟಿಗೆ ಮೂತಿ ಹಾಕಲು ಹೋಯಿತು. ಕೈ ಎತ್ತಿ "ಬೇಡ" ಎಂದೆ. ಮತ್ತೆ ಹೋಯಿತು, ಮತ್ತೆ ಗದರಿದೆ. ಆಮೇಲೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆ. ಬಟ್ಟಲೆಲ್ಲಿ ಎಂದು ಮನೆಯವರು ಕೇಳಿದ್ದಕ್ಕೆ, ತೊಳೆದಿಟ್ಟಿದ್ದೇನೆ ಎಂದೆ. ಅದು ಒಗೆಯುವ ಕಲ್ಲಿನ ಕಡೆಗೇ ನೋಡುತ್ತಾ ಮಲಗಿತ್ತು. ಒಂದೇ ದಿನ ತಾನೇ, ಎಂದುಕೊಂಡು ಒಳಗೆ ಹೋದೆ.

ಬೆಳಿಗ್ಗೆ ಮನೆಯವರು ಗೂಡಿನ ಚೀಲಗಳನ್ನು ಗಾಡಿಗೆ ಹಾಕಿಸಿ, ಹಿಂದೆಯೇ ಬೈಕಿನಲ್ಲಿ ಶಿಡ್ಲಘಟ್ಟದ ರೇಷ್ಮೆ ಮಾರ್ಕೆಟ್ಟಿಗೆ ಹೊರಟರು. ನಾನು ಸೌಟಿನಲ್ಲಿ ಹಿಡಿದದ್ದನ್ನು ಬಾಟ್ಲಿಗೆ ಹಾಕುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ನಾಯಿಯನ್ನು ಮತ್ತೆ ಕಂಬಕ್ಕೆ ಕಟ್ಟಿ ಓಡಿದೆ. ಬಟ್ಟಲು ಕಲ್ಲಿನ ಮೇಲೆ ಬೋರಲೇ ಇತ್ತು.

ಡಾಕ್ಟರು ಬೆಳಕಿಗೆ ಹಿಡಿದು ನೋಡಿದರು. "ಹತ್ತು."

ನನಗೆ ಸಿಟ್ಟು ಬಂತು. "ಅದೆಂಗಾಗುತ್ತೆ ಡಾಕ್ಟ್ರೇ? ನಿನ್ನೆ ಮಧ್ಯಾಹ್ನದಿಂದ ಒಂದು ಹನಿ ನೀರು ಕೊಟ್ಟಿಲ್ಲ ನಾನು."

ಅವರು ಸಾಧನವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಅಮ್ಮ, ಆ ಕಿಡ್ನಿಗೆ ಗಟ್ಟಿ ಮಾಡೋ ಶಕ್ತೀನೇ ಇಲ್ಲ. ನೀರು ಕುಡಿದ್ರೂ ಹತ್ತು, ಕುಡೀದಿದ್ರೂ ಹತ್ತು. ಹೊರಗಿಂದ ನೀರು ಬರ್ಲಿಲ್ಲ ಅಂದ್ರೆ ಮೈಯಲ್ಲಿರೋದೇ ಹೋಗ್ತಿರುತ್ತೆ. ಈಗ ನೀರಿಟ್ಟು ಬಂದಿದ್ದೀರಾ?"

ನಾನು ಚೀಲದೊಳಗೆ ಫೋನು ಹುಡುಕತೊಡಗಿದೆ.

"ಈಗ್ಲೇ ಯಾರ ಕೈಲಾದ್ರೂ ಸ್ವಲ್ಪ ಸ್ವಲ್ಪ ನೀರು ಕುಡಿಸಿ, ಇಲ್ಲಿಗೆ ಕರ್ಕೊಂಡ್ಬನ್ನಿ. ಡ್ರಿಪ್ ಹಾಕ್ಬೇಕು."

ಮನೆಯವರಿಗೆ ಫೋನು ಮಾಡಿದೆ. ಮಾರ್ಕೆಟ್ಟಿನ ಗದ್ದಲದಲ್ಲಿ ಎರಡು ಸಲ ಕೂಗಿ ಹೇಳಬೇಕಾಯಿತು.

"ರೀ, ನಾಯಿಗೆ ನೀರಿಲ್ಲ. ನಾನೇ ನಿನ್ನೆಯಿಂದ ಕೊಟ್ಟಿಲ್ಲ. ಕಟ್ಟಾಕಿ ಬಂದಿದ್ದೀನಿ."

"ಯಾಕೆ?"

"ಡಿಗ್ರಿ ಏರ್ಲಿ ಅಂತ."

ಅವರು ಬೈಯಲಿಲ್ಲ. "ಹೋಗ್ತೀನಿ" ಎಂದಷ್ಟೇ ಹೇಳಿ ಇಟ್ಟರು. ಹರಾಜಿಗೆ ಇನ್ನೂ ಬಾರದ ಗೂಡನ್ನು ಪಕ್ಕದೂರಿನವರ ಸುಪರ್ದಿಗೆ ಬಿಟ್ಟು ಹೊರಟರೆಂದು ಆಮೇಲೆ ತಿಳಿಯಿತು.

ಆ ಸಂಜೆಯೇ ಡ್ರಿಪ್ ಹಾಕಿಸಿದ ಆ ನಾಯಿ ಈಗ ಬಾಗಿಲಲ್ಲೇ ಮಲಗಿದೆ, ನಾನು ಇದನ್ನು ಬರೆಯುತ್ತಿದ್ದೇನೆ. ಆದರೂ ಡಾಕ್ಟರ ಬಳಿಯಿಂದ ವಾಪಸ್ಸು ಬಂದ ಆ ಬಸ್ಸನ್ನು ಮರೆಯಲಾಗಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತೇ ಇದ್ದೆ. "ಕೂತ್ಕೊಳ್ಳಮ್ಮ, ನೀನು ನಿಂತ್ಕೊಂಡ್ರೆ ಬಸ್ಸು ಬೇಗ ಹೋಗುತ್ತಾ?" ಎಂದ ಕಂಡಕ್ಟರು. ಶಿಡ್ಲಘಟ್ಟದಲ್ಲಿ ಇಳಿದು ಇನ್ನೊಂದು ಬಸ್ಸು ಕಾದೆ. ಮನೆಯವರು ಫೋನು ಎತ್ತಲಿಲ್ಲ. ನಿಂತಲ್ಲಿ ನಿಲ್ಲದೆ ನಿಲ್ದಾಣದ ಆ ಕೊನೆಯಿಂದ ಈ ಕೊನೆಗೆ ನಡೆದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದುದು ಅದು. ಅದಕ್ಕೆ ನನ್ನ ಮೇಲೆ ದೂರು ಹೇಳಲು ಬಾಯೂ ಇಲ್ಲ.

ಮನೆಗೆ ಬಂದಾಗ ನಾಯಿಯನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ನೊರೆಯಂಥ ವಾಂತಿ. ಮನೆಯವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಟ್ಟಲಲ್ಲಿ ನೀರು ತುಂಬಿಯೇ ಇತ್ತು.

"ಕುಡೀತಿಲ್ಲ ಕಣೇ" ಎಂದರು. "ಇಟ್ಟು ಅರ್ಧ ಗಂಟೆ ಆಯ್ತು. ಮೂತಿ ಹತ್ರ ಹಿಡಿದ್ರೆ ತಿರುಗಿಸ್ಕೊಳ್ತದೆ."

ಮುಗಿಯಿತು ಎಂದುಕೊಂಡೆ. ಅದರ ಮುಂದೆ ಕೂತೆ. ಅದು ತಲೆಯೆತ್ತಿ ನನ್ನ ಮುಖ ನೋಡಿತು, ಬಟ್ಟಲು ನೋಡಿತು, ತಿರುಗಿ ನನ್ನ ಕೈ ನೋಡಿತು. ಆಗ ನನಗೆ ಅರ್ಥವಾಯಿತು. ಕಾಯಿಲೆಯಿಂದಲ್ಲ, ನಾನು ಬೇಡ ಎಂದಿದ್ದೆ, ಅದಕ್ಕೇ ಕುಡಿದಿರಲಿಲ್ಲ.

"ಕುಡಿಯಮ್ಮ" ಎಂದೆ. ಬಟ್ಟಲನ್ನು ಮೂತಿಯ ಹತ್ತಿರ ಸರಿಸಿದೆ. ಇನ್ನೊಮ್ಮೆ ಹೇಳಿದೆ.

ಆಮೇಲೆ ಅದು ಕುಡಿಯಿತು.