ಚಾಚಿ ಕಲಿಸಿದ ಮುಟಗಿ

ಚಾಚಿಯ ಅಂಗೈಯ ಗೆರೆಗೆರೆಯಲ್ಲೂ ಜೋಳದ ಹಿಟ್ಟು ಕೂತಿರುತ್ತಿತ್ತು, ಕಪ್ಪು ಕೈಯ ಮೇಲೆ ಯಾರೋ ಸುಣ್ಣದ ಗೀಟು ಎಳೆದಂತೆ. ಆ ಕೈ ರೊಟ್ಟಿ ಬಡಿದರೆ ಸದ್ದು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಬಾಗೇವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಮುಸ್ಲಿಂ ಮುದುಕಿ. ಇಡೀ ಓಣಿಗೇ ಚಾಚಿ. ನಡುವೆ ಇದ್ದದ್ದು ಎದೆಮಟ್ಟದ ಗೋಡೆಯೊಂದೇ.

ಉಳ್ಳಾಗಡ್ಡಿಯನ್ನು ಆಕೆ ಎಂದೂ ಹೆಚ್ಚಲಿಲ್ಲ, ಗುದ್ದಿಯೇ ಒಡೆಯುತ್ತಿದ್ದಳು. "ಈಳಿಗಿ ತೊಳಿಯೋ ನೀರರೆ ಉಳೀತಲ್ಲ" ಎನ್ನುವಳು. ಕೊತ್ತಂಬರಿ ದಂಟನ್ನೂ ಬಿಡದೆ ಹಸಿಮೆಣಸಿನಕಾಯಿ ಜೊತೆ ಅರೆದು, ಬಿಸಿ ರೊಟ್ಟಿಗೆ ಸವರಿ ಗೋಡೆಯ ಮೇಲಿಂದ ಕೊಡುತ್ತಿದ್ದಳು. ಆ ರುಚಿ ನನಗೆ ಯಾವ ಮದುವೆ ಊಟದಲ್ಲೂ ಸಿಕ್ಕಿಲ್ಲ.

ನನ್ನ ಹೆಂಡತಿ ತೀರಿದ ಮರುವರ್ಷವೇ ಮಗಳ ಚೊಚ್ಚಲ ಹೆರಿಗೆ ಬಂತು. ಬಾಣಂತನ ತವರಲ್ಲೇ ಆಗಬೇಕೆಂದು ಅವಳ ಆಸೆ. ಸಿಂದಗಿಯ ಬೀಗತಿ ಒಪ್ಪಲಿಲ್ಲ.

"ಹೆಂಗಸಿಲ್ಲದ ಮನ್ಯಾಗ ಬಾಣಂತನ ಮಾಡೋರು ಯಾರ್ರಿ? ಹೆರಿಗಿ ಆಗ್ಲಿ, ಐದನೇ ದಿನಕ್ಕ ಬಂದು ಕರ್ಕೊಂಡು ಹೋಗ್ತೇನಿ" ಎಂದರು.

ಮಗಳ ಮುಖ ಬಾಡಿತು. ಗೋಡೆಯಾಚೆ ಚಾಚಿ ಎಲ್ಲ ಕೇಳಿಸಿಕೊಂಡಿದ್ದಳು. "ತಮ್ಮಾ, ಎಣ್ಣಿ-ನೀರು ನಾ ನೋಡ್ಕೋತೇನಿ. ಒಲಿ ಮುಂದ ನೀ ಕುಂದ್ರು. ಇವತ್ತಿಂದ್ಲೇ ಕಲಿ!"

ಅರವತ್ತರ ಹತ್ತಿರ ಬಂದಿದ್ದ ನಾನು ಅವಸರಕ್ಕೆ ಬಿದ್ದು, ಎಸರು ಕುದಿಯುವ ಮೊದಲೇ ಹಿಟ್ಟಿಗೆ ಸುರಿದೆ. ಹಿಟ್ಟಿಗೆ ಜಿಗಿ ಬರಲಿಲ್ಲ. ರೊಟ್ಟಿಯೆಲ್ಲ ಸೀಳು ಸೀಳು.

"ಇದೇನ್ ರೊಟ್ಟಿನೋ, ಬ್ಯಾಸಗಿ ಕೆರಿನೋ?" ಚಾಚಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಡದ್ರ ಒಡೀಲಿ, ಒಗೀಬ್ಯಾಡ. ಬಿಸಿ ಇದ್ದಾಗ ಬಳ್ಳೊಳ್ಳಿ, ಜೀರಗಿ, ಉಪ್ಪು ಹಾಕಿ ಕುಟ್ಟಿ, ಒಂದ್ ಚಮಚ ತುಪ್ಪ ಬಿಟ್ಟು ಉಂಡಿ ಕಟ್ಟು. ಮುಟಗಿ ಆಗ್ತೈತಿ. ಬಾಣಂತಿ ಏನ್ ರೊಟ್ಟಿ ದುಂಡಗ ಐತೋ ಇಲ್ಲೋ ನೋಡ್ತಾಳೇನು?"

ಹೆಣ್ಣುಕೂಸು ಹುಟ್ಟಿತು. ಐದನೆಯ ದಿನ ಬೀಗತಿ ಬಂದೇಬಿಟ್ಟರು, ಕೂಸನ್ನು ಸುತ್ತಿಕೊಂಡು ಹೋಗಲು ಕೌದಿ ಸಮೇತ. ಮುಟಗಿ ಬಡಿಸಿದೆ. ಒಂದು ತಿಂದರು. ಇನ್ನೊಂದಕ್ಕೆ ತಟ್ಟೆ ಮುಂದೆ ಸರಿಸಿದರು.

"ಯಾರ್ ಮಾಡ್ಯಾರ್ರಿ ಇದನ್ನ?"

ಗೋಡೆಯ ಮೇಲಿಂದ ಚಾಚಿ ಕೂಗಿದಳು: "ನಿಮ್ಮ ಬೀಗ್ರ ಮಾಡ್ಯಾರ್ರಿ! ನಾ ಬರೇ ಬೈದೇನಿ!"

ಬೀಗತಿಗೂ ನಗು ತಡೆಯಲಾಗಲಿಲ್ಲ. ತಂದ ಕೌದಿಯನ್ನು ಕೂಸಿಗೆ ಹೊದಿಸಿ, ಸಂಜೆಯ ಬಸ್ಸಿಗೆ ಒಬ್ಬರೇ ಸಿಂದಗಿಗೆ ಹೋದರು.

ಚಾಚಿ ಹೋದ ವರ್ಷ ತೀರಿಕೊಂಡಳು. ಒಲೆ ಹಚ್ಚದ ಆ ಮೂರು ದಿನ ಅವರ ಮನೆಗೆ ರೊಟ್ಟಿ ಹೋದದ್ದು ನನ್ನ ಒಲೆಯಿಂದಲೇ. ಒಂದೂ ಸೀಳಿರಲಿಲ್ಲ. ನೋಡಲು ಆಕೆ ಇರಲಿಲ್ಲ.

ಈ ವಾರ ನನಗೆ ಎರಡನೆಯ ಮೊಮ್ಮಗಳು ಹುಟ್ಟಿದ್ದಾಳೆ! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾಲ್ಕನೆಯ ಇಯತ್ತೆ ಕಲಿತವನು ಇಷ್ಟು ಬರೆದದ್ದೂ ಅದೇ ಹುರುಪಿನಲ್ಲಿ. ಎಣ್ಣೆ-ನೀರಿಗೆ ಚಾಚಿಯ ಸೊಸೆ ಬರುತ್ತಾಳೆ. ಹೆರಿಗೆಗೆ ಮಗಳನ್ನು ತಂದು ಬಿಟ್ಟವರು, ಈ ಸಲ, ಬೀಗತಿಯೇ. ಅಂದು ನಾನೇ ಅಳುಕಿ, "ಈಗ ಚಾಚಿ ಇಲ್ಲಲ್ರಿ" ಎಂದೆ.

"ನಿಮಗ ಕಲಿಸೇ ಹೋಗ್ಯಾರಲ್ರಿ" ಎಂದು ಬೀಗತಿ ಕಾಲು ನೀಡಿ ಕೂತರು. "ಬಾಣಂತಿಗೆ ಆಮ್ಯಾಲೆ ಕುಟ್ರಿ. ಮೊದಲ ನನಗ ಎರಡು ಮುಟಗಿ ಆಗ್ಲಿ, ಹಸದು ಬಂದೇನಿ."

ನಾನು ಎದ್ದು ಹೋಗಿ ಎಸರಿಟ್ಟೆ.