ಎರಡನೆಯ ಬಾಣಲೆ

ದಪ್ಪ ಪುಸ್ತಕಗಳೆಂದರೆ ನನಗೆ ಬಾಲ್ಯದಿಂದಲೂ ಅಪಾರ ಭಕ್ತಿ. ಓದುವುದಕ್ಕಿಂತ ಹೆಚ್ಚಾಗಿ, ಎದೆಯ ಮೇಲಿಟ್ಟುಕೊಂಡೊಡನೆ ಅವು ಕರುಣಿಸುವ ನಿದ್ರೆಗಾಗಿ. ಈಚೆಗೆ ಮೆಲ್ಬರ್ನಿನ ನಮ್ಮ ಗ್ಲೆನ್ ವೇವರ್ಲಿ ಲೈಬ್ರರಿಯಿಂದ ಐತಿಹಾಸಿಕ ಕಾದಂಬರಿಯೊಂದನ್ನು ತಂದದ್ದೂ ಅದೇ ಸದುದ್ದೇಶದಿಂದ. ದುರದೃಷ್ಟವಶಾತ್ ಅದು ಚೆನ್ನಾಗಿತ್ತು. ವಾರವಿಡೀ ನಿದ್ರೆಗೆಟ್ಟು, ಉಳಿದ ಭಾಗವನ್ನು ಸಿಡ್ನಿಗೆ ಹೋಗುವ ವಿಮಾನದಲ್ಲಿ ಓದಬೇಕಾಯಿತು.

ಕ್ರೈಸ್ತಧರ್ಮ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದ ಕಥೆ ಅದು. ಎಣ್ಣೆ ಮಾರುವವನ ಮಗಳು ಗುಟ್ಟಾಗಿ ಕ್ರೈಸ್ತಳು. ಆಕೆ ಪ್ರೀತಿಸಿದ್ದು, ನೋಡಿ ಗ್ರಹಚಾರ, ದೇವರ ವಿಗ್ರಹ ಕೆತ್ತುವವನ ಮಗನನ್ನು. ಮದುವೆಯ ಊಟದಲ್ಲಿ ದೇವತೆಗಳಿಗೆ ಅರ್ಪಿಸಿದ ಮಾಂಸ ಬಡಿಸಿದರೆ ಹುಡುಗಿ ಮುಟ್ಟಲೊಲ್ಲಳು. ಅವಳ ಚಿಕ್ಕಪ್ಪ ಕಿವಿಯಲ್ಲಿ ಉಸುರುತ್ತಾನೆ: ಒಂದು ತುತ್ತು ನುಂಗು, ಮನಸ್ಸಿನಲ್ಲಿ ನಿನ್ನ ದೇವರನ್ನೇ ನೆನೆ, ಯಾರಿಗೆ ಗೊತ್ತಾಗುತ್ತದೆ? "ಥೂ, ಹೇಡಿ!" ಎಂದು ನಾನು ವಿಮಾನದಲ್ಲೇ ಉದ್ಗರಿಸಿದೆ. ಪಕ್ಕದ ಹೆಂಗಸು ತನ್ನ ಕಾಫಿಯನ್ನು ಆಚೆ ಸರಿಸಿಕೊಂಡಳು.

ನಾನು ಸಿಡ್ನಿಗೆ ಹೊರಟದ್ದು ಹ್ಯಾರಿಸ್ ಪಾರ್ಕಿನ ಅಕ್ಕನ ಮನೆಯ ಸತ್ಯನಾರಾಯಣ ಪೂಜೆಗೆ. ಅಕ್ಕನ ಮಗಳು ಸ್ವಾತಿ ಮಂಗಳೂರಿನ ಜೋಯಲ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಹುಡುಗ ಕ್ರೈಸ್ತ, ಅದೂ ಭಾನುವಾರಕ್ಕಷ್ಟೇ ಸೀಮಿತನಾದ ಕ್ರೈಸ್ತನಲ್ಲ. ಅವನನ್ನು ಪೂಜೆಗೆ ಕರೆದಿದ್ದ ಅಕ್ಕ ನನಗೆ ಫೋನಿನಲ್ಲಿ ತೀರ್ಪು ಕೊಟ್ಟಿದ್ದಳು: "ಪ್ರಸಾದ ತಿಂದ್ರೆ ಮಗಳನ್ನು ಕೊಡ್ತೇನೆ. ಬೇಡ ಅಂದ್ರೆ ಅಲ್ಲಿಗೇ ಮುಗೀತು." ಪ್ರಸಾದ ಬಿಟ್ಟು ಓಡಿದವಳ ಗಂಡನ ದೋಣಿಯೇ ಮುಳುಗಿತೆಂಬ ಕಥೆಯನ್ನು ವರ್ಷಕ್ಕೆರಡು ಬಾರಿ ಕೇಳುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಭಾವನೋ, ಅಕ್ಕನ ತೀರ್ಪುಗಳಿಗೆ ತಲೆಯಾಡಿಸಲೆಂದೇ ಜನಿಸಿದ ಸಾತ್ವಿಕ.

ಪೂಜೆ ಮುಗಿಯಿತು, ಮಂಗಳಾರತಿ ಆಯಿತು. ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣುಗಳೆಲ್ಲ ಏಕೀಭವಿಸಿದ ಪ್ರಸಾದದ ಪರಿಮಳಕ್ಕೆ ನಾಸ್ತಿಕನೂ ಕೈಯೊಡ್ಡಬೇಕು. ಜೋಯಲ್ ಮಾತ್ರ ಕೈಕಟ್ಟಿ ಮೂಲೆಯಲ್ಲಿ ನಿಂತಿದ್ದ. ಸ್ವಾತಿಯ ಮುಖ ಬಿಳಿಚಿಕೊಂಡಿತ್ತು. ನಾನು ಎತ್ತಿ ಆಡಿಸಿದ ಮಗು ಅದು. ಮೆಲ್ಲನೆ ಹುಡುಗನ ಬಳಿ ಸರಿದು ಪಿಸುಗುಟ್ಟಿದೆ: "ಒಂದೇ ಚಮಚ ನುಂಗಿಬಿಡಪ್ಪ. ಮನಸ್ಸಲ್ಲಿ ನಿನ್ನ ಏಸುವನ್ನೇ ನೆನೆಸ್ಕೋ. ಯಾರಿಗೆ ಗೊತ್ತಾಗುತ್ತೆ?"

ಹೇಳಿ ಮುಗಿಸಿದ ಮೇಲೆಯೇ ಹೊಳೆದದ್ದು, ಇದು ಯಾರ ಮಾತೆಂದು. ಎರಡು ಸಾವಿರ ವರ್ಷಗಳ ಹಿಂದಿನ ಹೇಡಿ ನನ್ನ ಜುಬ್ಬಾ ತೊಟ್ಟು ನಿಂತಿದ್ದ. ನನ್ನ ಧೈರ್ಯವೆಲ್ಲ ಪುಸ್ತಕದ ಬದನೆಕಾಯಿ!

"ಅಂಕಲ್, ಆಂಟಿ ಮಾಡಿದ್ದು ಅಂತಾದ್ರೆ ಎಷ್ಟು ಬೇಕಾದ್ರೂ ತಿಂತೇನೆ," ಎಂದ ಜೋಯಲ್. ಪಾಪ, ಅವನಿಗೆ ಪಿಸುಗುಟ್ಟಲೂ ಬಾರದು. "ದೇವರಿಗೆ ಇಟ್ಟದ್ದು ನನಗೆ ಆಗುದಿಲ್ಲ. ತಿಂದ ಹಾಗೆ ಮಾಡಿದ್ರೆ ನಿಮ್ಮ ದೇವರಿಗೂ ಮೋಸ, ನನ್ನ ದೇವರಿಗೂ ಮೋಸ."

ನೆರೆದವರೆಲ್ಲ ಇತ್ತ ತಿರುಗಿದರು. ಪ್ರಸಾದದ ಪಾತ್ರೆ ಹಿಡಿದಿದ್ದ ಅಕ್ಕ ಅವನನ್ನೇ ದಿಟ್ಟಿಸಿದಳು. ಆಮೇಲೆ ನನ್ನನ್ನು ದಿಟ್ಟಿಸಿದಳು, ಇನ್ನೂ ಕೆಟ್ಟದಾಗಿ. ಪಾತ್ರೆಯನ್ನು ಭಾವನ ಕೈಗೆ ತುರುಕಿ ಅಡುಗೆಮನೆಗೆ ನಡೆದಳು. ಮುಗಿಯಿತು ಕಥೆ ಎಂದುಕೊಂಡೆ. ಸ್ವಾತಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಬಾಣಲೆ ಇಟ್ಟ ಸದ್ದು, ಹಿಂದೆಯೇ ತುಪ್ಪದಲ್ಲಿ ರವೆ ಹುರಿಯುವ ಘಮ. ನಾನು ಓಡಿದೆ.

"ಏನಕ್ಕಾ ಇದು?"

"ಮತ್ತೆಂತ ಮಾಡುದು? ಇಷ್ಟು ಜನರ ಎದುರು ಸುಳ್ಳು ಹೇಳಲಿಕ್ಕೆ ಆಗದವ ನಾಳೆ ನನ್ನ ಮಗಳಿಗೆ ಹೇಳಿಯಾನಾ? ನಿನ್ನ ಹಾಗಲ್ಲ ಅವ. ಬಾಯಿ ಮುಚ್ಚಿ ಬಾಳೆಹಣ್ಣು ಹೆಚ್ಚು."

ಹೆಚ್ಚಿದೆ. ಕಾಲು ಗಂಟೆಯಲ್ಲಿ ಅಕ್ಕ ಸ್ಟೀಲಿನ ಬಟ್ಟಲು ತುಂಬಿಸಿ ತಂದು ಹುಡುಗನ ಮುಂದೆ ಹಿಡಿದಳು. ಅವನು ಹಿಂಜರಿಯುತ್ತ ಕೇಳಿದ: "ಇದು ದೇವರಿಗೆ ಇಟ್ಟದ್ದಲ್ವಾ, ಆಂಟಿ?"

"ಅಲ್ಲ ಮಾರಾಯ," ಎಂದಳು ಅಕ್ಕ, "ನಿನಗೇ ಮಾಡಿದ್ದು. ಬಿಸಿ ಇರುವಾಗ ತಿನ್ನು."