ಹೊಂಗೆ ಸೊಪ್ಪಿನ ಗುಡ್ಲು

ಮೊನ್ನೆ ಪಕ್ಕದ ಮನೆಯ ಹುಡುಗಿ ದೊಡ್ಡವಳಾದಳು. ಹೊಸೂರಿನ ಬಾಡಿಗೆ ಮನೆಗಳ ಸಾಲಿನಲ್ಲಿ ಅಂಗಳ ಎಲ್ಲಿಂದ ಬರಬೇಕು? ಅವಳ ಸೋದರಮಾವ ತನ್ನೂರು ಬೇರಿಕೆಯಿಂದ ಟೆಂಪೋದಲ್ಲಿ ಸೊಪ್ಪು ತಂದು, ಸ್ಕೂಟರ್ ನಿಲ್ಲಿಸುವ ಜಾಗದಲ್ಲೇ ಅವಳನ್ನು ಕೂರಿಸಲು ಒಸಗೆಯ ಗುಡ್ಲು ಕಟ್ಟಿದ. ಆಗತಾನೇ ಕಡಿದ ಹೊಂಗೆ ಸೊಪ್ಪಿನ ಒಗರು ವಾಸನೆ ನನ್ನ ಅಡುಗೆಮನೆಗೂ ಬಂತು. ಒಲೆ ಆರಿಸಿ ಸುಮ್ಮನೆ ಕೂತೆ...

ನನ್ನ ಪಾಲಿಗೆ ಅದು ಬೇರೊಬ್ಬಳ ವಾಸನೆ. ನನ್ನ ಜೊತೆ ಎಂ.ಎ. ಓದಿದವಳು, ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ಊರು ಕಾಡಂಚಿನ ಜವಳಗಿರಿ. "ಆನೆ ಬಂದ್ರೆ ತಮಟೆ ಬಡೀತೀವಿ, ಮಾವ ಬಂದ್ರೆ ಕಾಫಿ ಕಾಯಿಸ್ತೀವಿ" ಎಂದು ನಗಿಸುತ್ತಿದ್ದಳು. ಆ ಮಾವ ಅವಳ ತಾಯಿಯ ತಮ್ಮ. ಅವಳು ಮೈನೆರೆದಾಗ ಗುಡ್ಲು ಕಟ್ಟಿದವನು ಅವನೇ, ಓದು ಮುಗಿದ ಮೇಲೆ ತಾಳಿ ಕಟ್ಟಬೇಕಾದವನೂ ಅವನೇ. ನಮ್ಮ ಕಡೆ ಇದನ್ನು ಯಾರೂ ವಿಚಿತ್ರ ಅನ್ನುವುದಿಲ್ಲ.

ಕೊನೆಯ ವರ್ಷ ನಮಗೊಂದು ಪೇಪರ್ ಇತ್ತು. ಕೇಡುಗಾಲದ ಕಾದಂಬರಿಗಳು, ಅಂದರೆ ಡಿಸ್ಟೋಪಿಯಾ. ಅವನ್ನು ಕ್ವಿಯರ್ ಸಿದ್ಧಾಂತದ, ಅಂದರೆ ಗಂಡು-ಹೆಣ್ಣಿನ ಜೋಡಿಯಾಚೆಗಿನ ಒಲವಿನ, ಕಣ್ಣಿಂದ ಓದುವುದು. ಹೆಸರು ಕೇಳಿಯೇ ಅರ್ಧ ಕ್ಲಾಸಿಗೆ ಜ್ವರ ಬಂದಿತ್ತು. ಪಾಠ ಮಾಡುತ್ತಿದ್ದ ಮೇಡಂ ಸರಳವಾಗಿ ಹೇಳಿದರು: ಈ ಕಥೆಗಳ ಸರ್ಕಾರ ಜನರ ಬಾಯಿ ಮುಚ್ಚಿಸಿ ಸುಮ್ಮನಾಗುವುದಿಲ್ಲ, ಯಾರು ಯಾರ ಜೊತೆ ಬಾಳಬೇಕೆಂದೂ ಅದೇ ಗೊತ್ತುಮಾಡುತ್ತದೆ, ಹೆಣ್ಣಿಗೆ ಗಂಡೇ ಜೋಡಿ ಎಂದು ಯಾರು ಕಾನೂನು ಮಾಡಿದರೆಂದು ಕೇಳಿ ನೋಡಿ. ಸದಾ ವಟಗುಟ್ಟುವ ನನ್ನ ರೂಮಿನವಳು ಆ ದಿನ ರಾಗಿ ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟಳು.

ಒಂದು ಸಲ ಮೇಡಂ, ನೀವೇ ಒಂದು ಭಯಂಕರ ಭವಿಷ್ಯದ ನಾಡನ್ನು ಕಲ್ಪಿಸಿಕೊಂಡು ಬನ್ನಿ ಎಂದರು. ನಾವೆಲ್ಲ ರೋಬೋಟು, ಕ್ಯಾಮೆರಾ ತುಂಬಿಕೊಂಡು ಹೋದೆವು. ಅವಳು ಎದ್ದು ನಿಂತು ಓದಿದ ನಾಡಿನಲ್ಲಿ ಪೊಲೀಸರೇ ಇರಲಿಲ್ಲ. ಆರತಿ ತಟ್ಟೆ ಹಿಡಿದ ಅತ್ತೆಯಂದಿರಿದ್ದರು. ಯಾವ ಗಂಡಸು ಸೊಪ್ಪಿನ ಗುಡ್ಲು ಕಟ್ಟುತ್ತಾನೋ ಹುಡುಗಿ ಅವನ ಪಾಲು. ಕಟ್ಟಿದವನೇ ಕಿತ್ತು ಸುಡುವ ತನಕ ಅವಳು ಒಳಗಿಂದ ಎದ್ದು ಬರುವ ಹಾಗಿಲ್ಲ. ಕೊನೆಗೆ ಒಬ್ಬ ಹುಡುಗಿ ಮಚ್ಚು ಹಿಡಿದು ಸೊಪ್ಪು ಕಡಿದು, ಇನ್ನೊಬ್ಬ ಹುಡುಗಿಗೆ ಗುಡ್ಲು ಕಟ್ಟುತ್ತಾಳೆ. ಕ್ಲಾಸು ಗೊಳ್ಳೆಂದು ನಕ್ಕಿತು.

"ಇದು ನಿಮ್ಮೂರಲ್ಲಿ ನಡೆಯೋದೇ ಅಲ್ವೇನಮ್ಮ? ನಾನು ಕೇಳಿದ್ದು ಭವಿಷ್ಯ," ಎಂದರು ಮೇಡಂ.

"ಭವಿಷ್ಯಾನೇ ಮೇಡಂ. ಬರೋ ವೈಶಾಖಕ್ಕೆ ನನ್ ಮದ್ವೆ."

ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಪಾಠ ನಡೆಯಲಿಲ್ಲ.

ಆ ಸಂಜೆ ಹಾಸ್ಟೆಲಿನ ಹಿಂದೆ ಅವಳು ಹೊಂಗೆ ಕೊಂಬೆ ಮುರಿದು ಮುರಿದು ಕಾಂಪೌಂಡಿಗೆ ಒರಗಿಸಿದಳು. ಕೈ ತರಚಿತ್ತು. "ಬಾರೆ, ಕುಂತ್ಕೊ. ನಿಂಗೇ ಕಟ್ಟಿರಾದು," ಎಂದಳು. ಬಗ್ಗಿ ಒಳಗೆ ಹೋಗಿ ಕೂತೆ. ಅವಳು ಬಾಗಿಲಲ್ಲಿ ಕೂತಳು. ಅವಳೆಂದರೆ ನನಗೆ ಪ್ರಾಣ; ಅದು ಅವಳಿಗೆ ಹೇಳದೆಯೇ ಗೊತ್ತಿತ್ತು. ಊಟದ ಗಂಟೆ ಹೊಡೆದರೂ ಇಬ್ಬರೂ ಏಳಲಿಲ್ಲ...

ವೈಶಾಖ ತಪ್ಪಲಿಲ್ಲ. ಮದುವೆಗೆ ನಾನು ಹೋಗಲಿಲ್ಲ, ಅವಳೂ ಕರೆಯಲಿಲ್ಲ. ಎಷ್ಟೋ ದಿನದ ಮೇಲೆ ತಳಿ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು. ಈಗ ಗಂಡನಾಗಿದ್ದ ಅವಳ ಮಾವ ಆಚೆ ಜೀಪಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ.

"ಮೇಡಂ ಆ ಪೇಪರ್ ಇನ್ನೂ ಮಾಡ್ತಾರೇನೆ?" ಎಂದು ಕೇಳಿದಳು.

"ಇಲ್ಲ ಕಣೆ, ತೆಗೆದ್ಬುಟ್ರು."

"ಒಳ್ಳೇದಾಯ್ತು ಬಿಡು. ಗೊತ್ತಿಲ್ದಿದ್ರೆ ನೋವೂ ಇರಲ್ಲ."

ಜೀಪು ಹೊರಟಿತು. ಆಮೇಲೆ ಅವಳನ್ನು ನೋಡಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಾವ ಗುಡ್ಲು ಕಿತ್ತು ಬೆಂಕಿ ಇಟ್ಟ. ಹುಡುಗಿ ಹೊಸ ಸೀರೆಯುಟ್ಟು ಮನೆಯೊಳಗೆ ಹೋದಳು. ನಾನೂ ಆರತಿಗೆ ನಿಂತಿದ್ದೆ. ಹೊಗೆಗೆ ಕಣ್ಣು ಉರಿಯಿತೇನಕ್ಕ ಎಂದು ಯಾರೋ ಕೇಳಿದರು, ಹೂಂ ಅಂದೆ.

ಅವಳು ನನಗೆ ಕಟ್ಟಿದ ಗುಡ್ಲನ್ನು ಯಾರೂ ಸುಡಲಿಲ್ಲ. ನಾನಿನ್ನೂ ಒಳಗಿಂದ ಎದ್ದು ಬಂದಿಲ್ಲ.